ಲೋಡ್ ಬಿದ್ದಾಗ ಸೋಲುವ ಎಂಜಿನ್

ಗ್ಯಾರೇಜಿನಲ್ಲಿ ನಿಂತಲ್ಲೇ ರೇಸ್ ಮಾಡಿದರೆ ಎಂಜಿನ್ ಚೊಕ್ಕ. ಟ್ರ್ಯಾಕಿಗೆ ಇಳಿದು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಪಿಕಪ್ ಇಲ್ಲ. ಆಗ ಮೊದಲು ಪ್ಲಗ್ ಬದಲಾಗುತ್ತದೆ, ಆಮೇಲೆ ಕಾಯಿಲ್, ಕೊನೆಗೆ ಪಂಪ್. ದುಡ್ಡು ಖರ್ಚಾದರೂ ದೋಷ ಹಾಗೇ ಉಳಿಯುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟದವರಿಗೆ ಈ ದೋಷದ ಗುಣ ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ಮೋಟಾರ್ ನಿಂತಿದ್ದಾಗ ಸ್ಟಾರ್ಟರ್ ಪೆಟ್ಟಿಗೆಯ ಮೀಟರ್ 400 ವೋಲ್ಟ್ ತೋರಿಸುತ್ತಿರುತ್ತದೆ. ಗುಂಡಿ ಒತ್ತಿದ್ದೇ ತಡ, ಮುಳ್ಳು 330ಕ್ಕೆ ಇಳಿಯುತ್ತದೆ, ನೀರು ಮೇಲೆ ಬರುವುದಿಲ್ಲ. ಮೋಟಾರ್ ಎಳೆಯುವಾಗ ಎಷ್ಟಿದೆಯೋ ಅದೇ ಲೆಕ್ಕ. ಕಾರಿನ ಪೆಟ್ರೋಲ್ ಪಂಪಿಗೂ ಇದೇ ನಿಯಮ. ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿರಬಹುದು. ಸುಟ್ಟ ರಿಲೇ, ತುಕ್ಕು ಹಿಡಿದ ಅರ್ಥ್ ದಾಟಿ ಪಂಪಿನ ಕನೆಕ್ಟರ್‌ಗೆ ಬರುವಾಗ ಅದು 12 ಆಗಿದ್ದರೆ ಪಂಪ್ ನಿಧಾನಿಸುತ್ತದೆ. ಕಡಿಮೆ ವೇಗದಲ್ಲಿ ಇದು ಗೊತ್ತೇ ಆಗುವುದಿಲ್ಲ. ಆರು ಸಾವಿರ ಆರ್‌ಪಿಎಂನಲ್ಲಿ ಎಂಜಿನ್ ಹೆಚ್ಚು ಪೆಟ್ರೋಲ್ ಬೇಡಿದಾಗ ಒತ್ತಡ ಬೀಳುತ್ತದೆ, ಕಾರು ಮುಗ್ಗರಿಸುತ್ತದೆ. ಹೊಸ ಪಂಪ್ ಹಾಕಿದರೂ ಅದೇ ಕಥೆ.

ಹಾಗಾಗಿ ಬಿಚ್ಚುವ ಮೊದಲು ಅಳೆಯಬೇಕು, ಅದೂ ಓಡುವಾಗಲೇ. ಆರ್‌ಪಿಎಂ, ವೇಗ, ಥ್ರಾಟಲ್, ಪೆಟ್ರೋಲ್ ಒತ್ತಡ, ಒಳಗೆ ಹೋಗುವ ಗಾಳಿಯ ಶಾಖ ಇಷ್ಟನ್ನು ಡೇಟಾ ಲಾಗರ್ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಇಲ್ಲವೇ ಚಕ್ರ ಸುಮ್ಮನೆ ತಿರುಗುತ್ತಿದೆ, ಎಂಜಿನ್ ಮುಟ್ಟಬೇಡಿ. ಉದ್ದನೆಯ ತಿರುವಿನಲ್ಲಿ ಮಾತ್ರ, ಅದೂ ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಿದ್ದಾಗ ಮಿಸ್ಸಿಂಗ್ ಬಂದರೆ ಪೆಟ್ರೋಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತಿರಬಹುದು. ಟ್ಯಾಂಕ್ ತುಂಬಿಸಿ ಇನ್ನೊಂದು ಸುತ್ತು ಹೋದರೆ ಉತ್ತರ ಸಿಗುತ್ತದೆ. ಸುತ್ತು ಹೆಚ್ಚಿದಂತೆ ಶಕ್ತಿ ಕುಗ್ಗಿದರೆ ಶಾಖ ನೋಡಿ: ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ಟರ್ಬೊ ಕಾರಿನಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ತಾನಾಗಿ ಕಿಡಿಯ ಟೈಮಿಂಗ್ ಹಿಂದಕ್ಕೆ ಸರಿಸುವುದೂ ಉಂಟು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000ದಂಥ ಮಣ್ಣಿನ ರ್‍ಯಾಲಿಯಾದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡುವುದು ಜಾಣತನ. ಕೆಂಧೂಳು ಬಹಳ ಬೇಗ ಉಸಿರು ಕಟ್ಟಿಸುತ್ತದೆ.

ಒಂದು ಕೋರಿಕೆ. ಈ ಪರೀಕ್ಷೆಗಳನ್ನು ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಮಾಡಿ, ಆಗದಿದ್ದರೆ ಕಾರನ್ನು ನಿಂತಲ್ಲೇ ಲೋಡ್ ಕೊಟ್ಟು ಓಡಿಸುವ ಡೈನೋ ಮೇಲೆ ಮಾಡಿ. ಕೆ.ಬಿ. ಕ್ರಾಸ್‌ನಿಂದ ತಿಪಟೂರಿನವರೆಗಿನ ಹೆದ್ದಾರಿಯಲ್ಲಿ ಕಾಯಿ ಹೇರಿದ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಅಲ್ಲಿ ಖಂಡಿತ ಬೇಡ.