ಐದು ಬಾರಿ ಗೆದ್ದು ಮರೆಯಾದ ವಾಂಡರರ್ಸ್ ಸಂಘ

ಕ್ರೀಡೆಯ ಇತಿಹಾಸವೆಂದರೆ ಗೆದ್ದವರ ಇತಿಹಾಸವೆಂಬುದು ಸಾಮಾನ್ಯ ಭಾವನೆ. ಆದರೆ ಗೆದ್ದವರೆಲ್ಲರೂ ಉಳಿಯುವುದಿಲ್ಲ. ಜಗತ್ತಿನ ಅತ್ಯಂತ ಪುರಾತನ ಕಾಲ್ಚೆಂಡು ಪಂದ್ಯಾವಳಿಯಾದ ಇಂಗ್ಲೆಂಡಿನ ಎಫ್.ಎ. ಕಪ್ಪನ್ನು ಮೊತ್ತಮೊದಲು ಗೆದ್ದು, ಮೊದಲ ಏಳು ವರ್ಷಗಳಲ್ಲಿ ಐದು ಬಾರಿ ತನ್ನದಾಗಿಸಿಕೊಂಡ ವಾಂಡರರ್ಸ್ ಎಂಬ ಹವ್ಯಾಸಿ ಸಂಘವು ಕಾಲು ಶತಮಾನವನ್ನು ಪೂರೈಸುವಷ್ಟರಲ್ಲಿ ಹೇಳಹೆಸರಿಲ್ಲದಂತಾಯಿತು. ಹಳೆಯ ವಿದ್ಯಾರ್ಥಿಗಳೇ ಕಟ್ಟಿ, ಹಳೆಯ ವಿದ್ಯಾರ್ಥಿಗಳೇ ತೊರೆದ ಸಂಘವಿದು. ಆದುದರಿಂದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಇದರ ಕಥೆಯನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಹುಟ್ಟು ಮತ್ತು ಹೆಸರು

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಈಟನ್, ಹ್ಯಾರೋ, ಚಾರ್ಟರ್‌ಹೌಸ್ ಮೊದಲಾದ ವಸತಿ ಶಾಲೆಗಳಿಗೆ 'ಪಬ್ಲಿಕ್ ಸ್ಕೂಲ್' ಎಂದು ಹೆಸರು. ಹೆಸರು ಸಾರ್ವಜನಿಕವಾದರೂ ಅಲ್ಲಿ ಓದುತ್ತಿದ್ದವರು ಶ್ರೀಮಂತರ ಮಕ್ಕಳು. ಪ್ರತಿ ಶಾಲೆಗೂ ತನ್ನದೇ ಆದ ಕಾಲ್ಚೆಂಡಾಟ, ತನ್ನದೇ ನಿಯಮಗಳು. ಒಂದು ಶಾಲೆಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದಾಗಿದ್ದರೆ ಇನ್ನೊಂದರಲ್ಲಿ ಅದು ನಿಷಿದ್ಧ. ಶಾಲೆ ಬಿಟ್ಟ ತರುಣರು ಒಂದೆಡೆ ಕೂಡಿದರೆ ಯಾವ ನಿಯಮದಂತೆ ಆಡಬೇಕೆಂಬುದೇ ಮೊದಲ ವಿವಾದವಾಗುತ್ತಿತ್ತು.

ಈ ಹಿನ್ನೆಲೆಯಲ್ಲಿ 1859ರಲ್ಲಿ, ಲಂಡನ್ನಿನ ಹೊರವಲಯದ ಎಪ್ಪಿಂಗ್ ಅರಣ್ಯದ ಅಂಚಿನಲ್ಲಿ, ಹ್ಯಾರೋ ಶಾಲೆಯ ಕೆಲವು ಹಳೆಯ ವಿದ್ಯಾರ್ಥಿಗಳು ಫಾರೆಸ್ಟ್ ಕ್ಲಬ್ ಎಂಬ ಸಂಘವನ್ನು ಕಟ್ಟಿದರು. ಜಾನ್ ಆಲ್ಕಾಕ್ ಮತ್ತು ಚಾರ್ಲ್ಸ್ ಆಲ್ಕಾಕ್ ಎಂಬ ಸಹೋದರರು ಅವರಲ್ಲಿ ಪ್ರಮುಖರು. 1863ರ ಅಕ್ಟೋಬರ್ 26ರಂದು ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಶನ್ ಸ್ಥಾಪಿತವಾದಾಗ ಫಾರೆಸ್ಟ್ ಸಂಘವೂ ಸ್ಥಾಪಕ ಸದಸ್ಯನಾಗಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ ಎಂಬುದನ್ನು ನೆನೆದರೆ ಆ ಕಾಲದ ಅಂದಾಜು ದೊರೆಯುತ್ತದೆ.

1864ರಲ್ಲಿ ಸಂಘವು ವಾಂಡರರ್ಸ್ ಎಂಬ ಹೊಸ ಹೆಸರನ್ನು ತಳೆಯಿತು. ಅಲೆಮಾರಿಗಳು ಎಂದು ಇದರ ಅರ್ಥ. ಅದಕ್ಕೆ ಸ್ವಂತ ಮೈದಾನವಿರಲಿಲ್ಲ. ದೊರೆತಲ್ಲಿ ಆಡುವುದೇ ಅದರ ಪದ್ಧತಿ. ಮುಂದೆ ಲಂಡನ್ನಿನ ಕೆನ್ನಿಂಗ್‌ಟನ್ ಓವಲ್ ಕ್ರಿಕೆಟ್ ಮೈದಾನವು ಅದಕ್ಕೆ ಆಶ್ರಯವಿತ್ತಿತು. ಆದರೆ ಅದೂ ಪರರ ಮನೆಯೇ.

ಶಾಲೆಯಿಂದ ಬಂದ ಕಪ್ಪು

ಚಾರ್ಲ್ಸ್ ಆಲ್ಕಾಕರು 1870ರಲ್ಲಿ ಫುಟ್‌ಬಾಲ್ ಅಸೋಸಿಯೇಶನ್ನಿನ ಕಾರ್ಯದರ್ಶಿಯಾದರು. ಹ್ಯಾರೋ ಶಾಲೆಯಲ್ಲಿ ವಸತಿಗೃಹಗಳ ನಡುವೆ ಒಂದು ಸ್ಪರ್ಧೆ ನಡೆಯುತ್ತಿತ್ತು. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ. ಬಾಲ್ಯದ ಆ ಆಟವೇ ಅವರ ಮನಸ್ಸಿನಲ್ಲಿ ದೇಶವ್ಯಾಪಿ ಪಂದ್ಯಾವಳಿಯ ಬೀಜವಾಯಿತು. 1871ರ ಜುಲೈ 20ರಂದು ಅವರು ಮಂಡಿಸಿದ ಸೂಚನೆಯಿಂದ ಎಫ್.ಎ. ಕಪ್ ಜನ್ಮ ತಾಳಿತು. ಶಾಲೆಯ ಅಂಗಳದ ಒಂದು ಆಟವು ಜಗತ್ತಿನ ಕ್ರೀಡೆಗೆ ಮಾದರಿಯಾದ ಈ ಪ್ರಸಂಗವು ಶಿಕ್ಷಕರ ಗಮನಕ್ಕೆ ಅರ್ಹವಾದುದು.

ಮೊದಲ ವರ್ಷ ಹೆಸರು ಕೊಟ್ಟ ಸಂಘಗಳು 15 ಮಾತ್ರ. ವಾಂಡರರ್ಸ್ ಅಂತಿಮ ಪಂದ್ಯವನ್ನು ತಲುಪಿದ ಬಗೆ ಸೋಜಿಗದ್ದು. ಮೊದಲ ಸುತ್ತಿನಲ್ಲಿ ಎದುರಾಳಿಗಳಾದ ಹ್ಯಾರೋ ಚೆಕರ್ಸ್ ಆಡಲು ಬರಲಿಲ್ಲ. ಎರಡನೆಯ ಸುತ್ತಿನಲ್ಲಿ ಕ್ಲ್ಯಾಪ್ಹಂ ರೋವರ್ಸ್ ತಂಡದ ಮೇಲೆ ಒಂದು ಗೋಲಿನ ಜಯ. ಮೂರನೆಯ ಸುತ್ತಿನ ಪಂದ್ಯ ಸಮನಾಗಿ, ಎರಡೂ ತಂಡಗಳನ್ನು ಮುಂದಕ್ಕೆ ಬಿಡಲಾಯಿತು. ಉಪಾಂತ್ಯದಲ್ಲಿ ಸ್ಕಾಟ್ಲೆಂಡಿನ ಕ್ವೀನ್ಸ್ ಪಾರ್ಕ್ ತಂಡದೊಡನೆ ಪುನಃ ಸಮ. ಮತ್ತೊಮ್ಮೆ ಲಂಡನ್ನಿಗೆ ಬರಲು ಹಣವಿಲ್ಲದೆ ಆ ತಂಡ ಹಿಂದೆ ಸರಿಯಿತು.

1872ರ ಮಾರ್ಚ್ 16ರಂದು ಓವಲ್‌ನಲ್ಲಿ ಸುಮಾರು 2,000 ಪ್ರೇಕ್ಷಕರ ಮುಂದೆ ಅಂತಿಮ ಪಂದ್ಯ ಜರುಗಿತು. ಎದುರಾಳಿಗಳು ಸೈನ್ಯದ ರಾಯಲ್ ಎಂಜಿನಿಯರ್ಸ್. ಗೋಲಿನ ಕಂಬಗಳ ಮೇಲೆ ಅಡ್ಡಪಟ್ಟಿಯಿರಲಿಲ್ಲ, ಕಟ್ಟಿದ ಪಟ್ಟಿ ಮಾತ್ರ, ಬಲೆಯೂ ಇರಲಿಲ್ಲ. ಬದಲಿ ಆಟಗಾರರ ಪದ್ಧತಿಯಿನ್ನೂ ಬಂದಿರಲಿಲ್ಲ. ಎಂಜಿನಿಯರ್ಸ್ ತಂಡದ ಲೆಫ್ಟಿನೆಂಟ್ ಕ್ರೆಸ್‌ವೆಲ್ ಆರಂಭದಲ್ಲಿಯೇ ಕೊರಳೆಲುಬು ಮುರಿದುಕೊಂಡರೂ ಕೊನೆಯವರೆಗೆ ಮೈದಾನದಲ್ಲಿಯೇ ನಿಂತರು. ವಾಂಡರರ್ಸ್ ತಂಡದ ಮಾರ್ಟನ್ ಬೆಟ್ಸ್ ಏಕೈಕ ಗೋಲನ್ನು ಹೊಡೆದರು. ಹ್ಯಾರೋ ಚೆಕರ್ಸ್ ಸಂಘಕ್ಕೂ ಸೇರಿದ್ದ ಅವರು ಅಂದು 'ಎ.ಎಚ್. ಚೆಕರ್' ಎಂಬ ಗುಪ್ತನಾಮದಿಂದ ಆಡಿದ್ದರು.

ಆ ಬಳಿಕ 1873, 1876, 1877 ಮತ್ತು 1878ರಲ್ಲಿಯೂ ಕಪ್ಪು ವಾಂಡರರ್ಸ್ ಪಾಲಾಯಿತು. ಕೊನೆಯ ಮೂರು ವಿಜಯಗಳಲ್ಲಿ ಪಾಲ್ಗೊಂಡ ವಿಲಿಯಂ ಲಿಂಡ್ಸೆ ಭಾರತದಲ್ಲಿಯೇ ಹುಟ್ಟಿದವರು. ಸತತ ಮೂರು ಬಾರಿ ಗೆದ್ದವರಿಗೆ ಕಪ್ಪು ಶಾಶ್ವತವಾಗಿ ಸಲ್ಲುತ್ತಿತ್ತು. ಆದರೆ ಇನ್ನು ಮುಂದೆ ಯಾವ ಸಂಘವೂ ಅದನ್ನು ಶಾಶ್ವತವಾಗಿ ಪಡೆಯಕೂಡದೆಂಬ ಷರತ್ತಿನ ಮೇಲೆ ವಾಂಡರರ್ಸ್ ಅದನ್ನು ಹಿಂದಿರುಗಿಸಿತು. ಪಡೆದುದನ್ನು ಎಲ್ಲರ ಸ್ವತ್ತಾಗಿ ಬಿಟ್ಟುಕೊಟ್ಟ ಈ ನಡತೆಯೇ ಅದರ ಅತ್ಯುತ್ತಮ ಸ್ಮಾರಕ. ಬೆಳ್ಳಿಯ ಆ ಮೂಲ ಕಪ್ಪಾದರೋ 1895ರಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಅಂಗಡಿಯಿಂದ ಕಳವಾಗಿ ಮತ್ತೆ ದೊರೆಯಲೇ ಇಲ್ಲ.

ಪತನದ ಕಾರಣಗಳು

ವೈಭವದ ಶಿಖರದಿಂದ ಪತನಕ್ಕೆ ಒಂದೇ ಋತುವಿನ ಅಂತರ. 1878–79ರ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ಓಲ್ಡ್ ಈಟೋನಿಯನ್ಸ್ ತಂಡವು ವಾಂಡರರ್ಸನ್ನು 7–2ರಿಂದ ಸೋಲಿಸಿತು. ಮರುವರ್ಷವೂ ಅದೇ ತಂಡದಿಂದ ಸೋಲು. 1880–81ರಲ್ಲಿ ವಾಂಡರರ್ಸ್ ತಂಡವನ್ನು ಕೂಡಿಸಲಾಗದೆ ಪಂದ್ಯಾವಳಿಯಿಂದ ಹೊರಗುಳಿಯಿತು. ಅನಂತರ ಹ್ಯಾರೋ ಶಾಲೆಯೊಡನೆ ವರ್ಷಕ್ಕೊಮ್ಮೆ ಆಡುವಷ್ಟಕ್ಕೆ ಇಳಿದು, 1880ರ ದಶಕದಲ್ಲಿ ಸದ್ದಿಲ್ಲದೆ ಕೊನೆಗೊಂಡಿತು.

ಇದಕ್ಕೆ ಮೊದಲ ಕಾರಣ ಸದಸ್ಯತ್ವದ ಸಂಕುಚಿತತೆ. ಪಬ್ಲಿಕ್ ಸ್ಕೂಲುಗಳಲ್ಲಿ ಓದಿದವರಿಗೆ ಅಲ್ಲಿ ಮನ್ನಣೆ. ಆ ಶಾಲೆಗಳ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಳ್ಳಲಾರಂಭಿಸಿದಾಗ ಸಮಾನ ಸಂಘಕ್ಕೆ ಆಟಗಾರರೇ ಉಳಿಯಲಿಲ್ಲ. 1878ರಲ್ಲಿ ವಾಂಡರರ್ಸ್ ಪರವಾಗಿ ಗೆದ್ದ ಆರ್ಥರ್ ಕಿನ್ನೇರ್ಡ್ 1879ರಲ್ಲಿ ಓಲ್ಡ್ ಈಟೋನಿಯನ್ಸ್ ಪರವಾಗಿ ಅದೇ ಕಪ್ಪನ್ನು ಗೆದ್ದರು. ಇದರಲ್ಲಿ ದ್ರೋಹವಿಲ್ಲ; ತನ್ನ ಶಾಲೆಯ ಮೇಲಿನ ಪ್ರೀತಿ ಸಹಜವಾದುದು. ಆದರೆ ನೂರು ಸಹಜ ಪ್ರೀತಿಗಳು ಸೇರಿ ಸಮಾನವಾದ ಮನೆಯೊಂದನ್ನು ಬರಿದುಗೊಳಿಸಬಲ್ಲವು.

ಎರಡನೆಯದು ನೆಲೆಯ ಅಭಾವ. ಸ್ವಂತ ಮೈದಾನವಿದ್ದಿದ್ದರೆ ನೆರೆಹೊರೆಯ ಹುಡುಗರು ಅಲ್ಲಿ ಕೂಡುತ್ತಿದ್ದರು, ಹೊಸ ಪೀಳಿಗೆ ಬೆಳೆಯುತ್ತಿತ್ತು. ಇಲ್ಲಿ ಹೋಲಿಕೆಗೆ ಒದಗುವುದು ಕ್ವೀನ್ಸ್ ಪಾರ್ಕ್. ಮರುಪಂದ್ಯಕ್ಕೆ ರೈಲಿನ ಹಣವಿಲ್ಲದೆ ಹಿಂದಿರುಗಿದ, 1867ರಲ್ಲಿ ಸ್ಥಾಪಿತವಾದ ಆ ಸಂಘವು ಗ್ಲಾಸ್ಗೋ ನಗರದಲ್ಲಿ ತನ್ನದೇ ಮೈದಾನವನ್ನು ಹೊಂದಿತು. 2019ರವರೆಗೆ ಹವ್ಯಾಸಿಯಾಗಿಯೇ ಉಳಿದು, ಇಂದಿಗೂ ಜೀವಂತವಾಗಿದೆ.

ಮೂರನೆಯದು ಕಾಲದ ಬದಲಾವಣೆ. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಕಾರ್ಮಿಕರ ತಂಡವು ಓಲ್ಡ್ ಈಟೋನಿಯನ್ಸನ್ನು ಸೋಲಿಸಿ ಕಪ್ಪನ್ನು ಉತ್ತರದ ಗಿರಣಿ ನಾಡಿಗೆ ಒಯ್ದಿತು. ಅದೇ ವರ್ಷ ತರುಣ ರವೀಂದ್ರನಾಥ ಠಾಕೂರರು ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನ ಮನೆಯಲ್ಲಿ, ನಮ್ಮ ಕಾರವಾರದ ಕಡಲ ತಡಿಯಲ್ಲಿದ್ದರು. 1885ರಲ್ಲಿ ಸಂಬಳದ ಆಟಕ್ಕೆ ಅಧಿಕೃತ ಸಮ್ಮತಿ ದೊರೆಯಿತು. ಬಿಡುವು ಇದ್ದವರ ವಿನೋದವಾಗಿದ್ದ ಆಟವು ದುಡಿಯುವವರ ಕಸುಬಾಯಿತು.

ಭಾರತಕ್ಕೆ ಬಂದ ಅಲೆ

ಸಂಘ ಅಳಿದರೂ ಅದು ಬೆಳೆಸಿದ ಪದ್ಧತಿ ಅಳಿಯಲಿಲ್ಲ. ಸೋತವರು ಹೊರಗುಳಿಯುವ ಕಪ್ಪಿನ ಸ್ಪರ್ಧೆ ಬ್ರಿಟಿಷ್ ಸೈನ್ಯದೊಡನೆ ಭಾರತಕ್ಕೂ ಬಂದಿತು. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್ ಆರಂಭವಾದವು. 1911ರಲ್ಲಿ ಕಲಕತ್ತೆಯ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದುದು ರಾಷ್ಟ್ರೀಯ ಘಟನೆಯೇ ಆಯಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವೆನಿಸಿ, ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಪರವಾಗಿ ಆಡುತ್ತಿದ್ದ ಎಸ್. ರಾಮನ್.

ಕೈಗಾ ಅಣುವಿದ್ಯುತ್ ಕೇಂದ್ರದ ನೆರೆಯ ನಮ್ಮಂಥವರಿಗೆ ಈ ಕಥೆ ದೂರದ್ದಲ್ಲ. ಹಲವು ನಾಡುಗಳಿಂದ ನೌಕರಿಗಾಗಿ ಬಂದವರು ಇಲ್ಲಿ ಸಂಘ ಕಟ್ಟುತ್ತಾರೆ, ವರ್ಗಾವಣೆಯಾದಾಗ ಹೋಗುತ್ತಾರೆ. ಕಟ್ಟಿದವರು ಹೋದ ಬಳಿಕವೂ ಸಂಘ ನಿಲ್ಲಬೇಕಾದರೆ ಅದಕ್ಕೆ ನೆಲ ಬೇಕು, ಊರಿನ ಮಕ್ಕಳಿಗೆಲ್ಲ ತೆರೆದ ಬಾಗಿಲು ಬೇಕು. ವಾಂಡರರ್ಸ್ ತಂಡದಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ, ಕೀರ್ತಿಗೂ ಕೊರತೆಯಿರಲಿಲ್ಲ. ತಮ್ಮ ಬಳಿಕ ಆಡುವವರು ಯಾರೆಂಬ ವಿಚಾರ ಮಾತ್ರ ಇರಲಿಲ್ಲ. ದಾನಿಗಳು ಕೊಡುವ ಒಂದು ಎಕರೆ ಮೈದಾನ, ಶಿಕ್ಷಕರು ಸಂಜೆ ಕೊಡುವ ಒಂದು ಗಂಟೆ, ಹಳೆಯ ವಿದ್ಯಾರ್ಥಿಗಳು ಬಂದು ಕಿರಿಯರೊಡನೆ ಆಡುವ ಒಂದು ದಿನ—ಇವು ಕಪ್ಪುಗಳಂತೆ ಹೊಳೆಯುವುದಿಲ್ಲವಾದರೂ ಸಂಸ್ಥೆಯ ಆಯುಷ್ಯವನ್ನು ನಿರ್ಧರಿಸುವುದು ಅವುಗಳೇ.