ಚೀಟಿ ಎತ್ತಿದ ಜಾಗದಲ್ಲಿ ಹಕ್ಕಿ ಎಣಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಗೆ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ ನನ್ನ ಪಾಲಿಗೆ ಬಂದಿತ್ತು. ಮಕ್ಕಳನ್ನು ಊರಿನ ಕೆರೆಗೆ ಕರೆದೊಯ್ದು ಹಕ್ಕಿ ತೋರಿಸುವುದೆಂದು ಪಾಠಯೋಜನೆಯಲ್ಲಿ ಬರೆದಿದ್ದೆ. ಅದನ್ನು ನೋಡಿದ ಮಾರ್ಗದರ್ಶಕ ಉಪನ್ಯಾಸಕರು, "ಕೆರೆಯ ಹಕ್ಕಿಗಳನ್ನಷ್ಟೇ ಎಣಿಸಿ ಊರಿನ ಹಕ್ಕಿಗಳು ಇವು ಎನ್ನಬಹುದೇ?" ಎಂದು ಕೇಳಿದರು.

ಹಕ್ಕಿ ಹೆಚ್ಚಿರುವ ಜಾಗಕ್ಕೇ ಹೋದರೆ ಬೀಳುಭೂಮಿ, ರಾಗಿ ಹೊಲ, ತೆಂಗಿನ ತೋಟ ಎಲ್ಲವೂ ಲೆಕ್ಕದಿಂದ ಹೊರಗುಳಿಯುತ್ತವೆ. ಆಯ್ಕೆಯನ್ನು ನಮ್ಮ ಇಷ್ಟಕ್ಕೆ ಬಿಡದಿರುವುದೇ ಯಾದೃಚ್ಛಿಕ ಆಯ್ಕೆ. 2015ರಿಂದ 2020ರವರೆಗೆ ನಡೆದ ಕೇರಳ ಪಕ್ಷಿ ಅಟ್ಲಾಸ್‌ನಲ್ಲಿಯೂ ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ, ಯಾದೃಚ್ಛಿಕವಾಗಿ ಆರಿಸಿದ ಚೌಕಗಳಲ್ಲಿ ಹಕ್ಕಿಗಳನ್ನು ದಾಖಲಿಸಿದ್ದರು.

ನಾವು ಮಾಡಿದ್ದು ಹೀಗೆ. ಮಕ್ಕಳೇ ಬರೆದ ಊರಿನ ನಕ್ಷೆಯಲ್ಲಿ 24 ಚೌಕ ಹಾಕಿದೆವು. ಆಳದ ನೀರು, ಹೆದ್ದಾರಿ ಇರುವ ಚೌಕಗಳನ್ನು ಮೊದಲೇ ತೆಗೆದೆವು. ಚೀಟಿ ಎತ್ತಿದ ಮೇಲೆ ಬದಲಾವಣೆಯಿಲ್ಲ. ಪ್ರತಿ ಗುಂಪಿಗೆ ಒಂದು ಚೌಕ, ಬೆಳಿಗ್ಗೆ 15 ನಿಮಿಷ. ದಾಖಲೆ ಹಾಳೆಯಲ್ಲಿ ಮೂರು ಕಲಂ: ಹಕ್ಕಿಯ ಹೆಸರು, ಸಂಖ್ಯೆ, ಅದು ಏನು ಮಾಡುತ್ತಿತ್ತು. ಹೆಸರು ತಿಳಿಯದಿದ್ದರೆ ಗಾತ್ರ, ಬಣ್ಣ, ಕೊಕ್ಕಿನ ಆಕಾರ ಬರೆದರೆ ಸಾಕು.

ಒಂದು ಗುಂಪಿಗೆ ಕೆರೆಯಂಚು ಬಂತು, ಇನ್ನೊಂದಕ್ಕೆ ಬೀಳುಭೂಮಿ. ಬೀಳಿನ ಗುಂಪಿನ ಹಾಳೆಯಲ್ಲಿ ಕಾಜಾಣ, ಟಿಟ್ಟಿಭ, ಗೊರವಂಕ, ನೆಲಗುಬ್ಬಿಗಳ ಜೊತೆ ನವಿಲೂ ಇತ್ತು. ನವಿಲಿನ ಮುಂದೆ ಮೂರನೆಯ ಕಲಂ ಮಾತ್ರ ಖಾಲಿ. ಕೇಳಿದಾಗ ಒಬ್ಬಳು ತಲೆ ತಗ್ಗಿಸಿ, "ನಾಲ್ಕೇ ಆಗಿತ್ತು ಟೀಚರ್, ಅದಕ್ಕೇ ಸೇರಿಸಿದ್ವಿ" ಎಂದಳು.

ಗದರಿಸಲು ಬಾಯಿ ತೆರೆದವಳಿಗೆ ನನ್ನ ಮಾತೇ ನೆನಪಾಯಿತು. ಹೊರಡುವಾಗ "ಯಾರು ಹೆಚ್ಚು ಹಕ್ಕಿ ತರ್ತೀರಿ ನೋಡೋಣ" ಎಂದವಳು ನಾನೇ. ಜಾಗವನ್ನು ಚೀಟಿಗೆ ಬಿಟ್ಟು ಪಟ್ಟಿಯ ಉದ್ದಕ್ಕೆ ಮೆಚ್ಚುಗೆ ಕೊಟ್ಟರೆ, ಬೀಳುಭೂಮಿ ಸಿಕ್ಕ ಮಗು ಸೋತಂತೆಯೇ. ಆ ಸುಳ್ಳಿಗೆ ದಾರಿ ಮಾಡಿಕೊಟ್ಟದ್ದು ನನ್ನ ಮೌಲ್ಯಮಾಪನ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಹೇಳಿದೆ. ಆ ಗುಂಪು ತಾನಾಗಿಯೇ ನವಿಲನ್ನು ಹೊಡೆದುಹಾಕಿತು. ಬಳಿಕ ಎಲ್ಲ ಹಾಳೆಗಳನ್ನೂ ಗೋಡೆಗೆ ಅಂಟಿಸಿ ಹೋಲಿಸಿದೆವು. ನೆಲಗುಬ್ಬಿ ಇದ್ದದ್ದು ಬೀಳಿನ ಹಾಳೆಯೊಂದರಲ್ಲೇ. ಬಯಲು ನೆಲದ ಮೇಲೇ ಗೂಡು ಮಾಡುವ ಆ ಹಕ್ಕಿ ಕೆರೆಯಂಚಿನ ಉದ್ದ ಪಟ್ಟಿಯಲ್ಲಿ ಇರಲಿಲ್ಲ. "ಹಾಗಾದರೆ ಬೀಳು ಉಳುಮೆಯಾದರೆ ಅದು ಎಲ್ಲಿಗೆ ಹೋಗುತ್ತೆ?" ಎಂದು ಹುಡುಗನೊಬ್ಬ ಕೇಳಿದ. ಸಂರಕ್ಷಣೆಯ ಪಾಠ ಅಲ್ಲಿಂದ ಶುರುವಾಯಿತು.

ಈ ಚಟುವಟಿಕೆ ಕೈಗೊಳ್ಳುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಅಂಕವನ್ನು ಹಕ್ಕಿಗಳ ಸಂಖ್ಯೆಗೆ ಕೊಡಬೇಡಿ, ದಾಖಲೆಯ ಸ್ಪಷ್ಟತೆಗೆ ಕೊಡಿ. ಏನೂ ಕಾಣದಿದ್ದರೆ ಸೊನ್ನೆ ಬರೆಯಬಹುದು, ಅದಕ್ಕೂ ಪೂರ್ಣ ಅಂಕ ಉಂಟು ಎಂದು ಚೀಟಿ ಎತ್ತುವ ಮೊದಲೇ ಮಕ್ಕಳಿಗೆ ಹೇಳಿಬಿಡಿ.