ಫೋಟೋ ತಿದ್ದುವ ಮೊದಲು ಮಾನಿಟರ್ ತಿದ್ದಿ

ತಂಗಿಯ ಸೀಮಂತದ ಫೋಟೋಗಳನ್ನು ನಾನೇ ಕಂಪ್ಯೂಟರಿನಲ್ಲಿ ತಿದ್ದಿ ನಲವತ್ತು ಪ್ರಿಂಟ್ ಹಾಕಿಸಿದ್ದೆ. ಕವರ್ ಬಿಚ್ಚಿದರೆ ಎದೆ ಧಸಕ್ಕೆಂದಿತು. ಗಿಣಿಹಸಿರು ಸೀರೆ ನವಿಲಿನ ಬಣ್ಣಕ್ಕೆ ತಿರುಗಿದೆ, ಅರಿಶಿನ ಹಚ್ಚಿದ ಕೆನ್ನೆ ನೀಲಿಗಟ್ಟಿದೆ! ಲ್ಯಾಬಿನ ಹುಡುಗನ ಮೇಲೆ ರೇಗಿದೆ. ಅವನು ಮಾತಾಡದೆ ನನ್ನ ಫೈಲನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ಅಲ್ಲೂ ನೀಲಿಯೇ.

ತಪ್ಪು ನನ್ನದೇ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತು ತಿದ್ದಿದ್ದೆ. ವಿಂಡೋಸ್‌ನಲ್ಲಿ 'ನೈಟ್ ಲೈಟ್' ಅಂತ ಇದೆಯಲ್ಲ, ಕಣ್ಣಿಗೆ ಹಿತವಾಗಲೆಂದು ಸಂಜೆಯ ಮೇಲೆ ಪರದೆಯನ್ನು ಹಳದಿ ಮಾಡುತ್ತದೆ, ಅದು ಆನ್ ಆಗಿತ್ತು. ಪರದೆಯ ಹಳದಿಯನ್ನು ಫೋಟೋದ ಹಳದಿ ಅಂದುಕೊಂಡು ತೆಗೆಯುತ್ತಾ ಹೋದೆ. ಹಳದಿ ಇಳಿಸಿದಷ್ಟೂ ನೀಲಿ ಏರುತ್ತದೆ, ಅಷ್ಟೇ.

ಹಾಗಾಗಿ ಫೋಟೋಶಾಪ್ ಇರಲಿ, ಪುಕ್ಕಟೆ ಸಿಗುವ ಗಿಂಪ್ ಇರಲಿ, ತೆರೆಯುವ ಮೊದಲು ನೈಟ್ ಲೈಟ್ ಆಫ್ ಮಾಡಿ. ಮಾನಿಟರ್ ಅರ್ಧ ಗಂಟೆ ಉರಿದು ಸ್ಥಿಮಿತಕ್ಕೆ ಬರಲಿ. ಕಿಟಕಿಯ ಬಿಸಿಲು ಪರದೆಗೆ ಬೀಳದಂತೆ ಪರದೆಬಟ್ಟೆ ಎಳೆಯಿರಿ. ಮಾನಿಟರಿನ ಮೆನುವಿನಲ್ಲಿ 'ವಿವಿಡ್' ಇದ್ದರೆ ಬದಲಿಸಿ, 'ಎಸ್‌ಆರ್‌ಜಿಬಿ' ಅಥವಾ '6500ಕೆ' ಆರಿಸಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ, ಪರದೆಯ ಬಿಳುಪು ಹಾಳೆಗಿಂತ ಕಣ್ಣು ಕುಕ್ಕುವಂತಿದ್ದರೆ ಬ್ರೈಟ್‌ನೆಸ್ ಇಳಿಸಿ. ಆಮೇಲೆ ವಿಂಡೋಸ್‌ನ ಹುಡುಕು ಪಟ್ಟಿಯಲ್ಲಿ 'ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್' ಅಂತ ಟೈಪ್ ಮಾಡಿ. ಅದೇ ಕೈಹಿಡಿದು ನಡೆಸುತ್ತದೆ. ಕೊನೆಯ ಹಂತದಲ್ಲಿ ಬೂದು ಪಟ್ಟಿಗಳು ಬರುತ್ತವೆ. ಅವು ಕೆಂಪು, ಹಸಿರು, ನೀಲಿ ಯಾವುದರ ಛಾಯೆಯೂ ಇಲ್ಲದೆ ಬರೀ ಬೂದಾಗಿ ಕಾಣುವವರೆಗೆ ಗುಂಡಿಗಳನ್ನು ಸರಿಸಬೇಕು. ಕಣ್ಣು ಯಾವ ಬಣ್ಣಕ್ಕಾದರೂ ಬೇಗ ಒಗ್ಗಿಕೊಳ್ಳುತ್ತೆ ನೋಡಿ, ನಡುನಡುವೆ ಬೇರೆ ಕಡೆ ದೃಷ್ಟಿ ಹಾಯಿಸಿ. ಮನೆಯಿಂದಲೇ ಸೀರೆ ಮಾರುವವರಾದರೆ ಕಣ್ಣನ್ನು ನೆಚ್ಚಬೇಡಿ. ಪರದೆಗೆ ತಾಗಿಸಿಟ್ಟರೆ ಬಣ್ಣ ಅಳೆಯುವ ಕಲರಿಮೀಟರ್ ಸಿಗುತ್ತದೆ. ದುಬಾರಿ, ಆದರೆ ವಾಪಸ್ ಬರುವ ಸೀರೆಗಳ ಲೆಕ್ಕ ಹಾಕಿ ನೋಡಿ.

ಈಗ ಫೋಟೋ. ನಿಜದಲ್ಲಿ ಬಿಳಿ ಅಥವಾ ಬೂದು ಇದ್ದ ವಸ್ತುವನ್ನು ಅದರಲ್ಲಿ ಹುಡುಕಿ, ಕಲರ್ ಪಿಕ್ಕರ್ ಇಡಿ. ಕೆಂಪು, ಹಸಿರು, ನೀಲಿಯ ಅಂಕಿಗಳು 200, 198, 201 ಹೀಗೆ ಹತ್ತಿರ ಇದ್ದರೆ ಸರಿ. 200, 190, 150 ಬಂದರೆ ಹಳದಿ ಕೂತಿದೆ ಎಂದರ್ಥ. ಲೆವೆಲ್ಸ್‌ನಲ್ಲಿರುವ ಬೂದು ಬಣ್ಣದ ಡ್ರಾಪರ್‌ನಿಂದ ಅಲ್ಲೇ ಒಮ್ಮೆ ಕ್ಲಿಕ್ ಮಾಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಮೂರೂ 255 ಇರುವ, ಬೆಳಕಿಗೆ ಸುಟ್ಟುಹೋದ ಜಾಗ ಬೇಡ. ಪುರೋಹಿತರ ನೀಲಿ ಹಾಕಿ ಒಗೆದ ಪಂಚೆಯನ್ನೂ ನಂಬಬೇಡಿ! ಅರಿಶಿನ ಶಾಸ್ತ್ರದ ಫೋಟೋಗಳಿಗಂತೂ 'ಆಟೋ' ಒತ್ತಲೇಬೇಡಿ, ಪಾಪ, ಅದು ಅರಿಶಿನವನ್ನೇ ದೋಷ ಅಂದುಕೊಳ್ಳುತ್ತೆ.

ಮೂಲ ಫೈಲ್ ಬೇರೆ ಇಟ್ಟಿದ್ದರಿಂದ ನಾನು ಬಚಾವಾದೆ. ಎರಡನೇ ಸಲ ಒಂದೇ ಒಂದು ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ತಂಗಿಯ ಸೀರೆಯ ಪಕ್ಕ ಹಿಡಿದು ನೋಡಿ, ಆಮೇಲೆ ಉಳಿದ ಮೂವತ್ತೊಂಬತ್ತಕ್ಕೆ ದುಡ್ಡು ಕೊಟ್ಟೆ.